ಆ ಮಾತ್ರೆ ನಂಗೆ ಆಗಿಬರಲ್ಲ

ಮರ್ಫಿ ಟೌನ್ ಮಾರ್ಕೆಟ್ಟಿನ ಆಸುಪಾಸಿನ ಯಾವ ಮೆಡಿಕಲ್ ಶಾಪಿನ ಮುಂದೆ ಸಂಜೆ ನಿಂತರೂ ಒಂದು ಸದ್ದು ಕೇಳುತ್ತದೆ: ಕತ್ತರಿಯದು. ಹತ್ತು ಮಾತ್ರೆಯ ಶೀಟನ್ನು ಪೂರ್ತಿ ಕೊಳ್ಳುವವರು ಕಡಿಮೆ. ಮೂರು ದಿನಕ್ಕೆ ಆರು, ಎರಡು ದಿನಕ್ಕೆ ನಾಲ್ಕು. ಕಚ್ ಎಂದು ಕತ್ತರಿಸಿ, ಪುಟ್ಟ ಕಾಗದದ ಕವರಿಗೆ ಹಾಕಿ, ಮೇಲೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಪೆನ್ನಿನಲ್ಲಿ ಗೀಚಿ ಕೊಟ್ಟರೆ ವ್ಯಾಪಾರ ಮುಗಿಯಿತು. ಮಾತ್ರೆಯ ಹೆಸರು ಬಹಳ ಸಲ ಉಳಿದ ಅರ್ಧ ಶೀಟಿನ ಜತೆ ಅಂಗಡಿಯಲ್ಲೇ ಉಳಿದುಬಿಡುತ್ತದೆ.

ಮೊನ್ನೆ ನನ್ನ ಮುಂದೆ ನಿಂತಿದ್ದ ಹೆಂಗಸು ಪರ್ಸಿನಿಂದ ಅಂಥದೊಂದು ತುಂಡು ತೆಗೆದು ಕೌಂಟರಿನ ಮೇಲಿಟ್ಟರು. ಒಂದು ಗುಳಿಯಲ್ಲಿ ಮಾತ್ರೆ, ಎರಡು ಖಾಲಿ. ಹಿಂಬದಿಯ ಬೆಳ್ಳಿ ಹಾಳೆಯ ಮೇಲೆ ಉಳಿದಿದ್ದು 500 ಎಂಬ ಅಂಕಿ, ಪಕ್ಕದಲ್ಲಿ ಅರ್ಧ ಕತ್ತರಿಸಿಹೋದ ಒಂದು ಅಕ್ಷರ.

‘ಅಣ್ಣ, ಹಲ್ಲಿಗೆ ಏನಾದ್ರೂ ಕೊಡಿ. ಆದ್ರೆ ಇದ್ ಮಾತ್ರ ಬೇಡ. ಇದು ನಂಗೆ ಆಗಿಬರಲ್ಲ.’

‘ಇದ್ಯಾವ್ದಮ್ಮ?’

‘ಅದೇ ಗೊತ್ತಿಲ್ಲ. ಹೋದ್ ವರ್ಷ ತಗೊಂಡಾಗ ಮೈಯೆಲ್ಲ ಗಂಧೆ ಎದ್ದಿತ್ತು.’

ಅಂಗಡಿಯವನು ತುಂಡನ್ನು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ. ‘ಹೆಸರೇ ಇಲ್ವಲ್ಲಮ್ಮ. ಡಾಕ್ಟ್ರಿಗೆ ತೋರ್ಸಿ, ಚೀಟಿ ತಗೊಂಬನ್ನಿ’ ಎಂದ. ಅಂದು ಅವನು ಮಾಡಿದ್ದು ಸರಿ. 500 ಮಿಲಿಗ್ರಾಮಿನ ಆ್ಯಂಟಿಬಯೋಟಿಕ್ ಮಾತ್ರೆಗಳು ಎಷ್ಟೋ ಇವೆ. ಅಮಾಕ್ಸಿಸಿಲಿನ್ ಅಷ್ಟು, ಸಿಪ್ರೊಫ್ಲಾಕ್ಸಸಿನ್ ಅಷ್ಟು, ಅಜಿತ್ರೊಮೈಸಿನ್ ಕೂಡ ಅಷ್ಟೇ. ಯಾವುದು ಬೇಡ ಎಂದು ಗೊತ್ತಿಲ್ಲದೆ ಯಾವುದು ಕೊಡಬಹುದು ಎಂದು ಹೇಳಲು ಆಗುವುದಿಲ್ಲ.

ಒಂದು ಮಾತು, ಹಲವು ಕಾಯಿಲೆ

ನಮ್ಮ ಏರಿಯಾದಲ್ಲಿ ಒಂದು ಗಲ್ಲಿ ದಾಟಿದರೆ ಭಾಷೆ ಬದಲಾಗುತ್ತದೆ. ಕನ್ನಡದವರು ‘ಆಗಿಬರಲ್ಲ’ ಅನ್ನುತ್ತಾರೆ, ತಮಿಳಿನವರು ‘ಒತ್ತುಕ್ಕಲೆ’, ತೆಲುಗಿನವರು ‘ಪಡದು’, ಉರ್ದು ಮಾತಾಡುವವರು ‘ಸೂಟ್ ನೈ ಹೋತಾ’. ಮಾತು ಯಾವುದಾದರೂ ಕೊರತೆ ಒಂದೇ. ಏನಾಯಿತು ಎಂಬುದನ್ನು ಹೇಳದೆ ನೇರ ತೀರ್ಪು ಕೊಟ್ಟುಬಿಡುತ್ತದೆ. ಡಾಕ್ಟರಿಗೆ ಬೇಕಾಗಿರುವುದು ತೀರ್ಪಲ್ಲ, ಕಥೆ. ಯಾವ ಮಾತ್ರೆ, ಯಾವ ಕಾಯಿಲೆಗೆ, ಎಷ್ಟನೇ ಡೋಸಿಗೆ, ಎಷ್ಟು ಹೊತ್ತಿಗೆ, ಏನೇನಾಯಿತು, ಹೇಗೆ ಇಳಿಯಿತು.

ಆ ಕಥೆ ಬಿಚ್ಚಿದರೆ ‘ಆಗಿಬರಲ್ಲ’ದ ಒಳಗೆ ಅಲರ್ಜಿಯೇ ಅಲ್ಲದ ಸಂಗತಿಗಳು ಸಾಲಾಗಿ ಹೊರಬರುತ್ತವೆ. ಅಮಾಕ್ಸಿಸಿಲಿನ್ ಜತೆ ಕ್ಲಾವುಲನೇಟ್ ಬೆರೆತ ಮಾತ್ರೆಯಲ್ಲಿ ಭೇದಿ ಆಗುವುದು ಸಾಮಾನ್ಯ. ಎರಿತ್ರೊಮೈಸಿನ್ ಕರುಳನ್ನು ಕುಣಿಸುತ್ತದೆ, ಹೊಟ್ಟೆ ಹಿಂಡುತ್ತದೆ. ಮೆಟ್ರೊನಿಡಜೋಲ್ ತಿಂದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಡಾಕ್ಸಿಸೈಕ್ಲಿನ್ ಅನ್ನು ಒಂದು ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿದರೆ ಅನ್ನನಾಳ ಸುಟ್ಟು ಎದೆಯುರಿ ಹತ್ತುತ್ತದೆ. ಅದನ್ನೇ ತಿಂದು ಬಿಸಿಲಲ್ಲಿ ಅಲೆದರೆ ಚರ್ಮ ಕೆಂಪಾಗುತ್ತದೆ. ಕೋರ್ಸ್ ಮುಗಿಯುವ ಹೊತ್ತಿಗೆ ನಾಲಿಗೆ ಮೇಲೆ ಬಿಳಿ ಪೊರೆ ಕಟ್ಟಿದರೆ ನಾವು ‘ಉಷ್ಣ’ ಅನ್ನುತ್ತೇವೆ. ಅದು ಬಹುತೇಕ ಬೂಷ್ಟು ಸೋಂಕು. ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಬೆಳೆದದ್ದು. ಇವೆಲ್ಲ ಅಡ್ಡಪರಿಣಾಮಗಳು. ಮಾತ್ರೆ ಬದಲಿಸಬೇಕಾಗಬಹುದು, ಊಟದ ಜತೆ ಕೊಡಬೇಕಾಗಬಹುದು. ಫೈಲಿನ ಮೇಲೆ ‘ಅಲರ್ಜಿ’ ಎಂದು ಬರೆಯುವ ಅಗತ್ಯವಿಲ್ಲ.

ಇನ್ನೊಂದು ಇದಕ್ಕಿಂತ ಮೋಸದ್ದು. ಕಾಯಿಲೆಯೇ ತಂದ ದದ್ದು, ಮಾತ್ರೆಯ ತಲೆಗೆ ಬರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಇದು ಧಾರಾಳ. ಜ್ವರ ಬಂತು, ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಿದ್ದಾಯಿತು, ಮೂರನೆಯದೋ ನಾಲ್ಕನೆಯದೋ ದಿನ ಮೈ ಕೆಂಪೇರಿತು. ಅಸಲಿಗೆ ಅದು ಡೆಂಗಿ. ಡೆಂಗಿಯ ದದ್ದು ಬರುವುದೂ ಅದೇ ದಿನಗಳಲ್ಲೇ. ವೈರಸ್ಸಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ ಎಂಬುದು ಬೇರೆ ಮಾತು. ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನ ಗಂಟಲು ಜ್ವರದಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳುವುದು ವೈದ್ಯರಿಗೆ ಹಳೆಯ ವಿಷಯ. ಆ ರೋಗಿಗಳಲ್ಲಿ ಹೆಚ್ಚಿನವರು ಮುಂದೆ ಅದೇ ಔಷಧಿಯನ್ನು ತೊಂದರೆಯಿಲ್ಲದೆ ತೆಗೆದುಕೊಳ್ಳಬಲ್ಲರು. ಆದರೆ ಅವರ ಫೈಲಿನ ಮೇಲೆ ಆಗಲೇ ಕೆಂಪು ಶಾಯಿ ಬಿದ್ದಾಗಿರುತ್ತದೆ.

ನಮ್ಮ ಮರ್ಫಿ ಟೌನ್‌ಗೆ ಮೊದಲು ನಾಕ್ಸ್‌ಪೇಟೆ ಎಂಬ ಹೆಸರಿತ್ತು. ಬಡಾವಣೆಯ ಹೆಸರು ಬದಲಾಯಿತು, ಜನ ಹಳೆಯದನ್ನು ಮರೆತೂ ಬಿಟ್ಟರು. ಫೈಲಿನ ಮೇಲಿನ ಕೆಂಪು ಅಕ್ಷರಕ್ಕೆ ಆ ಭಾಗ್ಯವಿಲ್ಲ, ನೋಡಿ.

ಗಡಿಯಾರ ನೋಡಿ

ನಿಜವಾದ ಅಲರ್ಜಿಯನ್ನು ಗುರುತಿಸಲು ಮನೆಯವರ ಕೈಲಿರುವ ಒಳ್ಳೆಯ ಸಾಧನ ಗಡಿಯಾರ. ಡೋಸ್ ಹೊಟ್ಟೆಗೋ ರಕ್ತಕ್ಕೋ ಹೋದಾಗಿನಿಂದ ಲಕ್ಷಣ ಕಾಣಿಸುವವರೆಗೆ ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ.

ಒಂದು ಗಂಟೆಯೊಳಗೆ, ಕೆಲವೊಮ್ಮೆ ನಿಮಿಷಗಳಲ್ಲಿ ಬಂದರೆ ತಕ್ಷಣದ ಅಲರ್ಜಿ. ಮೈಮೇಲೆ ಏಳುವುದು ನಾವು ಪಿತ್ತದ ಗಂಧೆ ಎಂದು ಕರೆಯುವಂಥದ್ದು: ಉಬ್ಬಿದ, ತುರಿಸುವ, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುವ ದದ್ದು. ಹಳ್ಳಿ ಕಡೆ ಇದಕ್ಕೆ ಕಂಬಳಿ ಹೊದಿಸುತ್ತಾರೆ. ಬರೀ ಗಂಧೆಯಾದರೆ ಕಂಬಳಿಯಿಂದ ನಷ್ಟವಿಲ್ಲ. ಆದರೆ ಜತೆಗೆ ತುಟಿ, ಕಣ್ಣುರೆಪ್ಪೆ ಊದಿಕೊಂಡರೆ, ದನಿ ಬದಲಾದರೆ, ಉಸಿರು ಸಿಳ್ಳೆ ಹೊಡೆದರೆ, ವಾಂತಿಯಾದರೆ, ತಲೆ ಸುತ್ತಿ ಕಣ್ಣು ಕತ್ತಲೆಯಾದರೆ ಅದು ಅನಾಫಿಲ್ಯಾಕ್ಸಿಸ್. ಕಂಬಳಿ ಹುಡುಕುವ ಹೊತ್ತಲ್ಲ ಅದು.

ಮೂರರಿಂದ ಹತ್ತು ದಿನದ ನಡುವೆ ಎದ್ದ ಚಪ್ಪಟೆ ಕೆಂಪು ದದ್ದು, ಜ್ವರವಿಲ್ಲ, ಬಾಯಿ ಕಣ್ಣು ಚೆನ್ನಾಗಿದೆ ಎಂದರೆ ಸಾಮಾನ್ಯವಾಗಿ ಹೆದರಿಕೆಯದಲ್ಲ. ಮುಂದಿನ ಡೋಸ್ ನುಂಗುವ ಮೊದಲು ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಇಲ್ಲಿ ಒಂದು ಕೆಲಸ ಮರೆಯದೆ ಮಾಡಬೇಕು. ಕಿಟಕಿ ಬೆಳಕಲ್ಲಿ ಮೊಬೈಲಿನಿಂದ ಫೋಟೋ ತೆಗೆಯಿರಿ. ಕ್ಲಿನಿಕ್ಕಿನ ಸರದಿ ಬರುವಷ್ಟರಲ್ಲಿ ದದ್ದು ಇಳಿದುಹೋಗಿರುತ್ತದೆ. ‘ನಿನ್ನೆ ಇತ್ತು ಡಾಕ್ಟ್ರೇ’ ಎಂದು ಖಾಲಿ ತೋಳು ತೋರಿಸಿದರೆ ಅವರಾದರೂ ಏನು ಮಾಡಿಯಾರು?

ಮೂರನೆಯದು ಅಪರೂಪ, ಆದರೆ ಭಯಂಕರ. ನಾಲ್ಕು ದಿನದಿಂದ ನಾಲ್ಕು ವಾರದೊಳಗೆ ಜ್ವರ, ಕಣ್ಣುರಿ, ಬಾಯಿ ಮತ್ತು ಗುಪ್ತಾಂಗದಲ್ಲಿ ಹುಣ್ಣು, ಚರ್ಮದಲ್ಲಿ ತುರಿಕೆಯ ಬದಲು ನೋವು, ಆಮೇಲೆ ನೀರ್ಗುಳ್ಳೆ ಎದ್ದು ಚರ್ಮ ಸುಲಿಯುವುದು. ಇದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಕೋಟ್ರೈಮಾಕ್ಸಜೋಲ್, ಅಂದರೆ ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಹೆಸರಲ್ಲಿ ಜನ ಬಲ್ಲ ಸಲ್ಫಾ ಮಾತ್ರೆ ಇದಕ್ಕೆ ಕುಖ್ಯಾತ. ಇನ್ನೊಂದು ಬಗೆಯಲ್ಲಿ ಎರಡರಿಂದ ಎಂಟು ವಾರದ ನಂತರ ಜ್ವರ, ಮುಖದ ಊತ, ಕುತ್ತಿಗೆಯ ಗಡ್ಡೆ, ಲಿವರಿನ ತೊಂದರೆ ಒಟ್ಟಿಗೆ ಬರುತ್ತವೆ. ಎರಡರಲ್ಲೂ ಮಾತ್ರೆ ಆ ಕ್ಷಣವೇ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಇದಾದವರಿಗೆ ಆ ಔಷಧಿ ಜೀವಮಾನವಿಡೀ ನಿಷಿದ್ಧ. ‘ಸ್ವಲ್ಪ ಕೊಟ್ಟು ನೋಡೋಣ’ ಎಂಬುದು ಇಲ್ಲಿ ನಡೆಯುವುದಿಲ್ಲ. ಚರ್ಮದ ಪರೀಕ್ಷೆಯ ಮಾತೂ ಇಲ್ಲ.

ಆಟೋ ಹತ್ತಿಸುವ ಮೊದಲು

ಇಂಜೆಕ್ಷನ್ ಆದ ಹತ್ತು ನಿಮಿಷಕ್ಕೆ ಮನುಷ್ಯ ಬೆವತು ಕುಸಿದರೆ ನಾವೆಲ್ಲ ಮಾಡುವ ಕೆಲಸ ಅವರನ್ನು ಎಬ್ಬಿಸಿ, ಹೆಗಲು ಕೊಟ್ಟು, ರಸ್ತೆಗೆ ನಡೆಸುವುದು. ಅದನ್ನು ಮಾಡಬಾರದು. ರಕ್ತದೊತ್ತಡ ಬಿದ್ದವರನ್ನು ನಿಲ್ಲಿಸಿದರೆ ಹೃದಯಕ್ಕೆ ರಕ್ತವೇ ಬರುವುದಿಲ್ಲ. ನೆಲದ ಮೇಲಾದರೂ ಸರಿ, ಮಲಗಿಸಿ ಕಾಲು ಎತ್ತರಿಸಿ. ಉಸಿರಾಟಕ್ಕೆ ಕಷ್ಟವಾದರೆ ಕಾಲು ಚಾಚಿಕೊಂಡು ಕೂರಲಿ. ಗರ್ಭಿಣಿಯಾದರೆ ಎಡ ಮಗ್ಗುಲಿಗೆ. ವಾಂತಿ ಬರುತ್ತಿದ್ದರೂ ಮಗ್ಗುಲಿಗೆ. 108ಕ್ಕೆ ಫೋನ್ ಮಾಡಿ.

ಕ್ಲಿನಿಕ್ಕಿನಲ್ಲೇ ಆಗಿದ್ದರೆ ಕೇಳಬೇಕಾದ ಹೆಸರು ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಮ್, ತೊಡೆಯ ಹೊರಮಗ್ಗುಲಿನ ಮಧ್ಯಭಾಗದ ಸ್ನಾಯುವಿಗೆ. ಮಕ್ಕಳಿಗೆ ತೂಕದ ಲೆಕ್ಕ. ಐದು ನಿಮಿಷಕ್ಕೂ ಸುಧಾರಿಸದಿದ್ದರೆ ಇನ್ನೊಮ್ಮೆ. ನಮ್ಮಲ್ಲಿ ‘ಅವಿಲ್ ಹಾಕಿದ್ರು, ಸರಿಹೋಯ್ತು’ ಎಂಬ ಮಾತು ಎಲ್ಲ ಮನೆಯಲ್ಲೂ ಇದೆ. ಅವಿಲ್ ಗಂಧೆಯ ತುರಿಕೆ ಇಳಿಸುತ್ತದೆ, ನಿಜ. ಊದಿದ ಗಂಟಲನ್ನು ತೆರೆಯುವುದಿಲ್ಲ, ಬಿದ್ದ ಬಿ.ಪಿ.ಯನ್ನು ಎತ್ತುವುದಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಅವೆರಡೂ ಅಡ್ರಿನಲಿನ್ ಆದ ಮೇಲೆ ಬರಬೇಕಾದವು, ಅದರ ಬದಲಿಗೆ ಅಲ್ಲ. ಸುಧಾರಿಸಿತು ಎಂದು ಕೂಡಲೇ ಮನೆಗೆ ಹೊರಡುವುದೂ ತಪ್ಪು. ಕೆಲವರಲ್ಲಿ ಕೆಲವು ಗಂಟೆ ಬಿಟ್ಟು ಇನ್ನೊಂದು ಅಲೆ ಏಳುತ್ತದೆ.

ಹಾಗಾಗಿ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಂಡವರು ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂರುವುದು ಒಳ್ಳೆಯದು. ಬೈಕ್ ಸ್ಟಾರ್ಟ್ ಮಾಡಿ ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿಗೆ ಇಳಿದ ಮೇಲೆ ತಲೆ ಸುತ್ತಿದರೆ ಯಾರನ್ನು ಕರೆಯುತ್ತೀರಿ?

ಕೈ ಮೇಲಿನ ನೀಲಿ ವೃತ್ತ

ಮುಂಗೈಯ ಒಳಬದಿಯಲ್ಲಿ ಸೂಜಿಯ ತುದಿಯಿಂದ ಒಂದು ಹನಿ, ಅವರೆಕಾಳಿನಷ್ಟು ಉಬ್ಬು, ಅದರ ಸುತ್ತ ಬಾಲ್‌ಪೆನ್ನಿನಲ್ಲಿ ಎಳೆದ ನೀಲಿ ವೃತ್ತ. ‘ಟೆಸ್ಟ್ ಡೋಸ್’. ಆಸ್ಪತ್ರೆ ಸೇರಿದವರಿಗೆಲ್ಲ ಪರಿಚಿತ. ಇಪ್ಪತ್ತು ನಿಮಿಷಕ್ಕೆ ನರ್ಸ್ ಬಂದು ನೋಡುತ್ತಾರೆ, ಕೆಂಪಾಗಿಲ್ಲ ಎಂದರೆ ಪೂರ್ತಿ ಇಂಜೆಕ್ಷನ್.

ಈ ವೃತ್ತಕ್ಕೆ ನಾವು ಅದರ ಯೋಗ್ಯತೆಗಿಂತ ಹೆಚ್ಚು ಗೌರವ ಕೊಟ್ಟಿದ್ದೇವೆ ಎಂದು ನನಗನ್ನಿಸುತ್ತದೆ. ಸರಿಯಾದ ಚರ್ಮ ಪರೀಕ್ಷೆ ಎಂದರೆ ಔಷಧಿಯನ್ನು ನಿಗದಿತ ಪ್ರಮಾಣಕ್ಕೆ ತೆಳು ಮಾಡಿರಬೇಕು. ಪಕ್ಕದಲ್ಲೇ ಬರೀ ಸಲೈನಿನ ಒಂದು ಹನಿ, ಹಿಸ್ಟಮೀನಿನ ಒಂದು ಹನಿ ಹೋಲಿಕೆಗೆ ಇರಬೇಕು. ಅವಿಲ್, ಸಿಟ್ರಿಜಿನ್ ನುಂಗಿ ಬಂದವರಲ್ಲಿ ಫಲಿತಾಂಶವೇ ಸುಳ್ಳಾಗುತ್ತದೆ. ಪೆನ್ಸಿಲಿನ್ ವಿಷಯದಲ್ಲಿ ಹೀಗೆ ಕ್ರಮವಾಗಿ ಮಾಡಿದ ಪರೀಕ್ಷೆಗೆ ಬೆಲೆ ಇದೆ. ಸೆಫ್‌ಟ್ರಯಾಕ್ಸೋನ್‌ನಂಥ ಸೆಫಲೊಸ್ಪೊರಿನ್‌ಗಳಿಗೆ, ಹಿಂದೆ ಯಾವ ತೊಂದರೆಯೂ ಆಗಿರದವರಿಗೆ, ಎಲ್ಲರಿಗೂ ಮಾಡುವ ಟೆಸ್ಟ್ ಡೋಸ್‌ಗೆ ಗಟ್ಟಿ ಆಧಾರವಿಲ್ಲ. ಲಾಗಾಯ್ತಿನಿಂದ ಹೀಗೇ ಮಾಡುತ್ತಿದ್ದ ಚೀನಾ 2021ರ ಮಾರ್ಗಸೂಚಿಯಲ್ಲಿ ಇದನ್ನು ಕೈಬಿಡಲು ಹೇಳಿತು. ಕೆರಳಿದ ಚರ್ಮ ಕೆಂಪಾದರೆ ಅನಗತ್ಯವಾಗಿ ಅಲರ್ಜಿಯ ಹಣೆಪಟ್ಟಿ. ಕೆಂಪಾಗದಿದ್ದರೆ ಇಲ್ಲದ ಧೈರ್ಯ. ಇನ್ನು ಹಿಂದೆ ಉಸಿರು ಕಟ್ಟಿ ಬಿದ್ದ ಇತಿಹಾಸವಿರುವವರು ಮತ್ತೆ ಬೀಳಲು ಆ ಒಂದು ಹನಿಯೇ ಸಾಕು. ಅವರು ಮೊದಲು ಬಾಯಿಬಿಟ್ಟು ಹೇಳಬೇಕು.

ರುಮಾಟಿಕ್ ಹೃದಯ ಕಾಯಿಲೆಯ ಮಕ್ಕಳನ್ನು ನೋಡಿದವರಿಗೆ ಈ ಭಯದ ಇನ್ನೊಂದು ಮುಖ ಗೊತ್ತು. ಜಯದೇವ ಆಸ್ಪತ್ರೆಯಂಥ ಹೃದ್ರೋಗ ಕೇಂದ್ರಗಳಿಗೆ ಬರುವ ಈ ಮಕ್ಕಳಿಗೆ ಗಂಟಲ ಸೋಂಕು ಮರಳದಂತೆ ಮೂರು, ನಾಲ್ಕು ವಾರಕ್ಕೊಮ್ಮೆ ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್ ಬೇಕು. ವರ್ಷಗಟ್ಟಲೆ. ಪೃಷ್ಠಕ್ಕೆ ಹಾಕುವ ಆ ಮಂದ ದ್ರವದ ನೋವಿಗೇ ಮಕ್ಕಳು ಬವಳಿ ಬೀಳುವುದುಂಟು. ಕವಾಟ ತೀರಾ ಕೆಟ್ಟಿರುವವರಲ್ಲಿ ಇಂಜೆಕ್ಷನ್ ನಂತರ ಆದ ಕೆಲವು ಸಾವುಗಳು ಅಲರ್ಜಿಯಿಂದಲ್ಲ, ದುರ್ಬಲ ಹೃದಯ ಆ ಆಘಾತ ತಡೆಯದೆ ಆದವು ಎಂದು 2022ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎಚ್ಚರಿಸಿತು. ಅಂಥವರಿಗೆ ಮಾತ್ರೆಯ ರೂಪದ ಪೆನ್ಸಿಲಿನ್ ಕೊಡಿ ಎಂದಿತು. ಬವಳಿಯನ್ನು ಅಲರ್ಜಿ ಎಂದು ಬರೆದು ಪೆನ್ಸಿಲಿನ್ ಅನ್ನೇ ನಿಲ್ಲಿಸಿದರೆ ಆ ಮಗುವಿನ ಕವಾಟಕ್ಕೆ ಇದ್ದ ಕಾವಲು ಹೋದಂತೆ. ಗರ್ಭಿಣಿಯಲ್ಲಿ ಸಿಫಿಲಿಸ್ ಕಂಡುಬಂದರೂ ಇದೇ ಕಥೆ. ಹೊಟ್ಟೆಯಲ್ಲಿರುವ ಮಗುವನ್ನು ಕಾಪಾಡುತ್ತದೆಂದು ನಂಬಬಹುದಾದ ಔಷಧಿ ಪೆನ್ಸಿಲಿನ್ ಒಂದೇ. ನಿಜವಾದ ಅಲರ್ಜಿ ಇದ್ದರೂ ಆಸ್ಪತ್ರೆಯಲ್ಲಿಟ್ಟು ಹನಿಹನಿಯಾಗಿ ಏರಿಸುತ್ತ ದೇಹವನ್ನು ಒಗ್ಗಿಸಿ ಅದನ್ನೇ ಕೊಡುತ್ತಾರೆ.

ಅದು ಬೇಡವಾದರೆ ಯಾವುದು?

ಆ್ಯಂಟಿಬಯೋಟಿಕ್‌ಗಳಲ್ಲಿ ಮನೆತನಗಳಿವೆ. ಪೆನ್ಸಿಲಿನ್ ಮನೆತನದಲ್ಲಿ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪಿಪರಾಸಿಲಿನ್. ಹೆಸರಿನ ಬಾಲದಲ್ಲಿ ‘ಸಿಲಿನ್’ ಇರುತ್ತದೆ. ತೊಂದರೆ ಎಂದರೆ ಶೀಟಿನ ಮೇಲೆ ದೊಡ್ಡದಾಗಿ ಕಾಣುವುದು ಕಂಪನಿ ಇಟ್ಟ ಹೆಸರು. ನೋವಾಮಾಕ್ಸ್, ಮಾಕ್ಸ್ ಎಂದರೆ ಅಮಾಕ್ಸಿಸಿಲಿನ್. ಆಗ್ಮೆಂಟಿನ್ ಒಳಗಿರುವುದೂ ಅದೇ. ‘ಪೆನ್ಸಿಲಿನ್ ಬೇಡ’ ಎಂದವರು ಆಗ್ಮೆಂಟಿನ್ ಅನ್ನು ಬೇರೆ ಎಂದುಕೊಂಡು ನುಂಗುವುದು ಹೀಗೆ.

ಸೆಫಲೊಸ್ಪೊರಿನ್‌ಗಳು ಪೆನ್ಸಿಲಿನ್ನಿನ ದಾಯಾದಿಗಳು. ಪೆನ್ಸಿಲಿನ್ ಆಗದವರಲ್ಲಿ ನೂರಕ್ಕೆ ಹತ್ತು ಜನಕ್ಕೆ ಇವೂ ಆಗುವುದಿಲ್ಲ ಎಂಬ ಹಳೆಯ ಲೆಕ್ಕ ಈಗಲೂ ಹಲವರ ಬಾಯಲ್ಲಿದೆ. ಈಗಿನ ಲೆಕ್ಕದಲ್ಲಿ ಅದು ಸುಮಾರು ಎರಡು. ಮನೆತನ ಒಂದೇ ಆಗಿರುವುದಕ್ಕಿಂತ ಅಣುವಿನ ಪಕ್ಕದ ಕೊಂಬೆ ಒಂದೇ ತರಹ ಇದೆಯೇ ಎಂಬುದು ಮುಖ್ಯ. ಅಮಾಕ್ಸಿಸಿಲಿನ್‌ಗೆ ನಿಜವಾಗಿ ಅಲರ್ಜಿ ಇರುವವರು ಸೆಫಡ್ರಾಕ್ಸಿಲ್, ಸೆಫಲೆಕ್ಸಿನ್, ಸೆಫಾಕ್ಲೋರ್ ವಿಷಯದಲ್ಲಿ ಜಾಗ್ರತೆ ಇರಬೇಕು. ಆ ಕೊಂಬೆ ಹೋಲುತ್ತದೆ. ಆಪರೇಷನ್‌ಗೆ ಮುಂಚೆ ಕೊಡುವ ಸೆಫಜೊಲಿನ್‌ನ ಕೊಂಬೆ ಯಾರನ್ನೂ ಹೋಲುವುದಿಲ್ಲ, ಅದಕ್ಕೇ ಪೆನ್ಸಿಲಿನ್ ಅಲರ್ಜಿಯ ಬಹುತೇಕರಿಗೆ ಅದು ನಡೆಯುತ್ತದೆ. ಐ.ಸಿ.ಯು.ನಲ್ಲಿ ಬಳಸುವ ಮೆರೊಪೆನೆಮ್ ಜಾತಿಯಲ್ಲಿ ಅಡ್ಡ ಅಲರ್ಜಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಇದನ್ನೆಲ್ಲ ನೀವು ಬಾಯಿಪಾಠ ಮಾಡಬೇಕಿಲ್ಲ. ‘ನನಗೆ ಇಂಥ ಮಾತ್ರೆಗೆ ಹೀಗಾಗಿತ್ತು’ ಎಂದು ಸರಿಯಾಗಿ ಹೇಳಿದರೆ ಡಾಕ್ಟರಿಗೆ ಇಷ್ಟು ದಾರಿಗಳು ತೆರೆದಿರುತ್ತವೆ ಎಂದು ತಿಳಿದರೆ ಸಾಕು.

ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್, ಉರಿಮೂತ್ರಕ್ಕೆ ಕೊಡುವ ನೈಟ್ರೊಫ್ಯುರಾಂಟೊಯಿನ್ ಬೇರೆಯೇ ಕುಲದವು. ಆದರೆ ‘ಬೇರೆ’ ಎಂದ ಮಾತ್ರಕ್ಕೆ ‘ಬದಲಿ’ ಅಲ್ಲ. ಹಲ್ಲಿನ ಕೀವಿಗೆ ಹೊಂದುವುದು ಮೂತ್ರದ ಸೋಂಕಿಗೆ ಹೊಂದುವುದಿಲ್ಲ. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ನೈಟ್ರೊಫ್ಯುರಾಂಟೊಯಿನ್ ರಕ್ತಕಣ ಒಡೆಯುತ್ತದೆ. ಆಯ್ಕೆ ಡಾಕ್ಟರದೇ. ಸಲ್ಫಾ ಅಲರ್ಜಿಯವರು ‘ಗಂಧಕ’ದ ಹೆಸರಿರುವ ಎಲ್ಲದಕ್ಕೂ ಹೆದರಬೇಕಿಲ್ಲ, ಸಲ್ಫೈಟ್ ಹಾಕಿದ ದ್ರಾಕ್ಷಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ‘ನಮ್ಮಪ್ಪಂಗೆ ಪೆನ್ಸಿಲಿನ್ ಆಗ್ತಿರ್ಲಿಲ್ಲ, ಅದಕ್ಕೇ ನಂಗೂ ಬೇಡ’ ಎಂಬ ವಂಶಪಾರಂಪರ್ಯಕ್ಕೂ ಆಧಾರವಿಲ್ಲ.

ನಮ್ಮಲ್ಲಿ ಎಲ್ಲರೂ ಮರೆಯುವ ಆ್ಯಂಟಿಬಯೋಟಿಕ್ ಎರಡು ಕಡೆ ಅಡಗಿದೆ. ಒಂದು, ‘ಲೂಸ್ ಮೋಷನ್ ಮಾತ್ರೆ’. ಕೇಳಿದರೆ ಕೈಗೆ ಬರುವುದು ನಾರ್‌ಫ್ಲಾಕ್ಸಸಿನ್ ಜತೆ ಟಿನಿಡಜೋಲ್ ಅಥವಾ ಆಫ್ಲಾಕ್ಸಸಿನ್ ಜತೆ ಆರ್ನಿಡಜೋಲ್. ಇವುಗಳಿಂದ ಬರುವ ವಿಚಿತ್ರ ಅಲರ್ಜಿಯೊಂದಿದೆ: ತುಟಿಯಲ್ಲೋ ಕೈಬೆರಳ ಮೇಲೋ ಗುಪ್ತಾಂಗದಲ್ಲೋ ದುಂಡನೆಯ ಕೆಂಪು ಮಚ್ಚೆ, ಉರಿ, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ. ಮತ್ತೆ ಅದೇ ಮಾತ್ರೆ ನುಂಗಿದಾಗ ಕರಾರುವಾಕ್ಕಾಗಿ ಅದೇ ಜಾಗದಲ್ಲಿ ಮರಳುತ್ತದೆ. ವರ್ಷಕ್ಕೊಮ್ಮೆ ಹೊಟ್ಟೆ ಕೆಟ್ಟಾಗ ತಿನ್ನುವ ಮಾತ್ರೆಗೂ ತುಟಿಯ ಕಲೆಗೂ ಯಾರೂ ಗಂಟು ಹಾಕುವುದಿಲ್ಲ. ಗಂಡ ಹೆಂಡಿರ ನಡುವೆ ಇಲ್ಲದ ಅನುಮಾನಕ್ಕೂ ಇದು ದಾರಿ ಮಾಡಿದ್ದುಂಟು. ಎರಡು, ಎಲ್ಲರ ಮನೆಯ ಡಬ್ಬದಲ್ಲಿರುವ ಸೋಫ್ರಾಮೈಸಿನ್ ಟ್ಯೂಬ್ ಮತ್ತು ನಿಯೋಸ್ಪೊರಿನ್ ಪುಡಿ. ಒಂದರಲ್ಲಿ ಫ್ರಾಮೈಸೆಟಿನ್, ಇನ್ನೊಂದರಲ್ಲಿ ನಿಯೋಮೈಸಿನ್, ಒಡಹುಟ್ಟಿದವು. ಹಚ್ಚಿದಷ್ಟೂ ಗಾಯದ ಸುತ್ತ ಕೆಂಪಾಗಿ ತುರಿಸಿ ನೀರು ಒಸರುತ್ತಿದ್ದರೆ ನಾವು ‘ನಂಜಾಯ್ತು’ ಎಂದು ಬದನೆಕಾಯಿ ಬಿಡುತ್ತೇವೆ. ಬಿಡಬೇಕಾಗಿದ್ದು ಟ್ಯೂಬನ್ನು.

ನನ್ನ ಫೈಲಿನ ಕೆಂಪು ಅಕ್ಷರ

ನನಗೆ ಆರು ವರ್ಷವಿದ್ದಾಗ ಜ್ವರಕ್ಕೆ ಯಾರೋ ಬಣ್ಣದ ಸಿರಪ್ ಕೊಟ್ಟರಂತೆ, ನಾಲ್ಕು ದಿನಕ್ಕೆ ಹೊಟ್ಟೆ, ಬೆನ್ನಿನ ಮೇಲೆ ದದ್ದು ಬಂತಂತೆ. ‘ಇವನಿಗೆ ಪೆನ್ಸಿಲಿನ್ ಆಗಿಬರಲ್ಲ’ ಎಂದು ಅಮ್ಮ ನಲವತ್ತು ವರ್ಷ ಹೇಳಿಕೊಂಡು ಬಂದಳು, ನಾನೂ ಹೇಳಿದೆ. ಪ್ರತಿ ಸಲ ಗಂಟಲು ಕೆಟ್ಟಾಗ ದುಬಾರಿ ಮಾತ್ರೆ ಬರೆಸಿಕೊಂಡೆ. ಹರ್ನಿಯಾ ಆಪರೇಷನ್‌ಗೆ ದಿನ ಗೊತ್ತಾದಾಗ ಅರಿವಳಿಕೆ ಡಾಕ್ಟರಮ್ಮ ಫೈಲಿನ ಮೇಲಿನ ಕೆಂಪು ಅಕ್ಷರ ನೋಡಿ ತಲೆಯೆತ್ತಿ, ‘ಏನಾಗಿತ್ತು?’ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲಿಗರು ಅವರು.

ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರು ತಮಗೆ ಪೆನ್ಸಿಲಿನ್ ಅಲರ್ಜಿ ಇದೆ ಎನ್ನುತ್ತಾರೆ. ಹಾಗೆನ್ನುವವರನ್ನು ಪರೀಕ್ಷಿಸಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಆರಾಮವಾಗಿ ಅದನ್ನು ತೆಗೆದುಕೊಳ್ಳಬಲ್ಲರು. ನಿಜವಾದ ತಕ್ಷಣದ ಅಲರ್ಜಿ ಇದ್ದವರಲ್ಲೂ ನೂರಕ್ಕೆ ಎಂಬತ್ತು ಜನಕ್ಕೆ ಹತ್ತು ವರ್ಷದಲ್ಲಿ ಅದು ಮಾಸಿಹೋಗುತ್ತದೆ. ಸುಳ್ಳು ಹಣೆಪಟ್ಟಿಗೆ ತೆರುವ ಬೆಲೆ ಬರೀ ದುಡ್ಡಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನಗಳ ಪ್ರಕಾರ ಈ ಪಟ್ಟಿ ಹೊತ್ತವರಲ್ಲಿ ಮೊಂಡು ಬ್ಯಾಕ್ಟೀರಿಯಾ ಎಂ.ಆರ್.ಎಸ್.ಎ. ಕಾಟ ಶೇ. 69ರಷ್ಟು ಹೆಚ್ಚು, ಆಪರೇಷನ್ ಗಾಯ ಕೀವಾಗುವ ಸಂಭವ ಶೇ. 50ರಷ್ಟು ಹೆಚ್ಚು. ಸರಿಯಾದ ಔಷಧಿಯ ಬದಲು ಎರಡನೇ ದರ್ಜೆಯದು ಸಿಕ್ಕಿದ್ದರ ಫಲ.

ಆಸ್ಟ್ರೇಲಿಯಾದ ವೈದ್ಯರು 2020ರಲ್ಲಿ ಸರಳ ಅಳತೆಗೋಲೊಂದನ್ನು ಕೊಟ್ಟರು. ಮೂರು ಪ್ರಶ್ನೆ. ಆಗಿದ್ದು ಐದು ವರ್ಷದೊಳಗೆಯೇ? ಹೌದಾದರೆ ಎರಡು ಅಂಕ. ಉಸಿರು ಕಟ್ಟುವುದು, ಮುಖ ಊದುವುದು ಅಥವಾ ಚರ್ಮ ಸುಲಿಯುವುದು ಆಗಿತ್ತೇ? ಎರಡು ಅಂಕ. ಚಿಕಿತ್ಸೆ ಬೇಕಾಯಿತೇ? ಒಂದು. ಸೊನ್ನೆ ಬಂದವರಿಗೆ ಪೆನ್ಸಿಲಿನ್ ಅಲರ್ಜಿ ಇರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ನನ್ನದು ಸೊನ್ನೆ. ಇದು ಮನೆಯಲ್ಲಿ ಅಂಕ ಹಾಕಿಕೊಂಡು ಮಾತ್ರೆ ನುಂಗಿ ನೋಡುವ ಆಟವಲ್ಲ. ಅಡ್ರಿನಲಿನ್ ಕೈಗೆಟಕುವಂತಿರುವ ಕಡೆ, ಡಾಕ್ಟರ ಕಣ್ಣೆದುರು ಮಾಡುವಂಥದ್ದು. ಅಲರ್ಜಿ ತಜ್ಞರೋ ಚರ್ಮರೋಗ ತಜ್ಞರೋ ಇರುವ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ನಮ್ಮ ಕಡೆಯವರಿಗೆ ಬೌರಿಂಗ್ ಆಸ್ಪತ್ರೆ ಹತ್ತಿರ, ಅಲ್ಲಿ ಚರ್ಮರೋಗ ವಿಭಾಗವಿದೆ.

ಪರೀಕ್ಷೆಗೆ ನನ್ನನ್ನು ಕೂರಿಸಿದ್ದು ಸ್ಟೀಲ್ ಬೆಂಚಿನ ಮೇಲೆ. ಬಿ.ಪಿ. ನೋಡಿ ಅಮಾಕ್ಸಿಸಿಲಿನ್‌ನ ಹತ್ತನೇ ಒಂದು ಭಾಗ ಕೊಟ್ಟರು. ಅರ್ಧ ಗಂಟೆ. ಗಂಟಲು ಕೆರೆದಂತಾಯಿತು, ಎದುರಿನ ಹುಡುಗ ಬಿಸ್ಕತ್ತು ತಿನ್ನುತ್ತಿದ್ದುದನ್ನು ನೋಡಿ ಆದದ್ದು. ಆಮೇಲೆ ಉಳಿದದ್ದು ಪೂರ್ತಿ. ಮತ್ತೆ ಒಂದು ಗಂಟೆ. ಏನೂ ಆಗಲಿಲ್ಲ. ತಡವಾಗಿ ದದ್ದು ಬಂದರೆ ಫೋಟೋ ತೆಗೆದು ಕಳಿಸಿ ಎಂದರು. ಬರಲಿಲ್ಲ.

ಜೇಬಿನಲ್ಲಿರಬೇಕಾದ್ದು

ಆ ಹಲ್ಲುನೋವಿನ ಹೆಂಗಸಿಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಾನು ಹೇಳಿದ್ದು ಸಣ್ಣ ವಿಷಯ. ಶೀಟು ಕತ್ತರಿಸುವ ಮೊದಲು ಹಿಂದೆ ಮುಂದೆ ಎರಡು ಫೋಟೋ ತೆಗೆದುಕೊಳ್ಳಿ. ಬಿಲ್ ಕೇಳಿ, ಬ್ಯಾಚ್ ನಂಬರ್ ಅದರಲ್ಲಿರುತ್ತದೆ. ಎಡಗಡೆ ಕೆಂಪು ಗೆರೆ ಇರುವ ಶೀಟನ್ನು ಚೀಟಿಯಿಲ್ಲದೆ ಕೇಳಬೇಡಿ. ಸೆಫಿಕ್ಸಿಮ್‌ನಂಥ ಕೆಲವು ಆ್ಯಂಟಿಬಯೋಟಿಕ್‌ಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಅವನ್ನು ಮಾರುವಾಗ ಅಂಗಡಿಯವನು ಡಾಕ್ಟರ ಹೆಸರು, ರೋಗಿಯ ಹೆಸರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹಾಗಾಗಿ ‘ಹೋದ್ ವರ್ಷ ಯಾವ್ ಮಾತ್ರೆ ಕೊಟ್ರಿ’ ಎಂದು ಅದೇ ಅಂಗಡಿಗೆ ಹೋಗಿ ಕೇಳಿದರೆ ಉತ್ತರ ಸಿಕ್ಕರೂ ಸಿಗಬಹುದು. ಅವರಿಗೆ ಅದು ಹೊಸ ವಿಷಯ. ‘ಪಕ್ಕದ್ ರೋಡಿನ್ ಅಂಗ್ಡೀಲಿ ತಗೊಂಡಿದ್ದು, ಕೇಳ್ತೀನಿ’ ಎಂದರು.

ಆಧಾರ್ ಕಾರ್ಡಿನ ಹಿಂದೆ ಇಡುವಷ್ಟು ಚೀಟಿ ಸಾಕು. ಔಷಧಿಯ ಮೂಲ ಹೆಸರು ಇಂಗ್ಲಿಷಿನಲ್ಲಿ, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಅದನ್ನು ಓದುವ ಡ್ಯೂಟಿ ಡಾಕ್ಟರಿಗೆ ಕನ್ನಡ ಬರಬೇಕೆಂದಿಲ್ಲ. ವರ್ಷ. ಎಷ್ಟು ಹೊತ್ತಿಗೆ ಏನಾಯಿತು. ಏನು ಕೊಟ್ಟ ಮೇಲೆ ಇಳಿಯಿತು. ಆಮೇಲೆ ತೊಂದರೆಯಿಲ್ಲದೆ ತಿಂದ ಆ್ಯಂಟಿಬಯೋಟಿಕ್ ಯಾವುದು. ಈ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ, ಡಾಕ್ಟರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ‘ಆ್ಯಂಟಿಬಯೋಟಿಕ್ ಅಲರ್ಜಿ’ ಎಂದಷ್ಟೇ ಬರೆದರೆ ‘ಊಟ ಆಗಿಬರಲ್ಲ’ ಎಂದು ಬರೆದಂತೆ. ಹಲ್ಲಿನ ಡಾಕ್ಟರಿಗೂ ಹೇಳಿ, ಅವರ ಚೀಟಿಯಲ್ಲಿ ಅಮಾಕ್ಸಿಸಿಲಿನ್ ಮೊದಲ ಸಾಲಿನಲ್ಲೇ ಇರುತ್ತದೆ.

ಅಲರ್ಜಿಯಾದದ್ದನ್ನು ಸರ್ಕಾರಕ್ಕೂ ತಿಳಿಸಬಹುದು. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಶುಲ್ಕವಿಲ್ಲದ ಸಹಾಯವಾಣಿ 1800-180-3024. ರೋಗಿಗಳೇ ತುಂಬುವ ಫಾರಂ ಕನ್ನಡದಲ್ಲೂ ಇದೆ.

ನನ್ನ ಹರ್ನಿಯಾ ಆಪರೇಷನ್ ದಿನ ಸೆಫಜೊಲಿನ್ ಹಾಕಿದರು. ಅದಕ್ಕೆ ಮೊದಲು ವಾರ್ಡಿನ ನರ್ಸ್ ನನ್ನ ಫೈಲಿನ ಕೆಂಪು ಅಕ್ಷರದ ಮೇಲೆ ಸ್ಕೇಲಿಟ್ಟು ಎರಡು ಗೆರೆ ಎಳೆದು, ಕೆಳಗೆ ತಾರೀಖು ಬರೆದು, ಡಾಕ್ಟರ ಸಹಿ ಹಾಕಿಸಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ, ‘ನಂಗೆ ಪೆನ್ಸಿಲಿನ್ ಆಗತ್ತಂತೆ.’

ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಿಸಿ ನನ್ನ ಮುಖ, ಕತ್ತು, ತೋಳು ಎಲ್ಲ ಒಮ್ಮೆ ನೋಡಿ, ‘ಆದ್ರೂ ಹೇಳ್ಬಿಡು ಕಣೋ, ಒಂದ್ ಮಾತು’ ಎಂದಳು.